ಹಳದಿಯಾದರೆ ಮಾತ್ರ ರೋಗ

ಯಾರಿಗಾದರೂ ಲಿವರ್ ಕೆಟ್ಟಿದೆ ಎಂದು ತಿಳಿದರೆ ನಮ್ಮ ಜನ ಮೊದಲು ಕೇಳುವುದು, 'ಕುಡೀತಿದ್ನಾ?' ಇಲ್ಲ ಎಂದರೆ ಸಣ್ಣ ನಿರಾಸೆ. ಮುಂದಿನ ಪ್ರಶ್ನೆ, 'ಕಣ್ಣು ಹಳದಿ ಆಗಿತ್ತಾ?' ಅದೂ ಇಲ್ಲವೆಂದರೆ ತೀರ್ಪು ಹೊರಬೀಳುತ್ತದೆ: ಡಾಕ್ಟರು ದುಡ್ಡು ಹೊಡೆಯೋಕೆ ಹೇಳಿರ್ತಾರೆ ಬಿಡಿ.

ಕಣ್ಣು ಹಳದಿಯಾಯಿತೋ, ಊರಿನ ವೈದ್ಯಶಾಸ್ತ್ರವೆಲ್ಲ ಎದ್ದು ಕೂರುತ್ತದೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವವರು, ಮೂಗಿಗೆ ರಸ ಹಿಂಡುವವರು, ರಟ್ಟೆಗೆ ಬರೆ ಎಳೆಯುವವರು. ಈ ಅಜ್ಜಂದಿರ ಕೈಗುಣದ ಗುಟ್ಟು ಇಷ್ಟೇ: ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಿಗೆ ತಾವಾಗಿಯೇ ವಾಸಿಯಾಗುತ್ತವೆ. ಕೆಲಸ ದೇಹದ್ದು, ಹೆಸರು ಅಜ್ಜನದು. ಬಸುರಿಯರಿಗೆ ಮಾತ್ರ ಇ ವೈರಸ್ ಜೀವಕ್ಕೇ ಎರವಾಗಬಹುದು. ಆಗ ಹೆಸರು ವಿಧಿಯದು.

ನೆಲನೆಲ್ಲಿಯನ್ನು ಹಗುರ ಮಾಡಬೇಡಿ ಎನ್ನುತ್ತೀರಾ? ಮಾಡಿಲ್ಲ. ಹೆಪಟೈಟಿಸ್ ಬಿ ವೈರಸ್ ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದರಾಸಿನ ಸಂಶೋಧಕರ ಜೊತೆ ಅದನ್ನು ಪರೀಕ್ಷೆಗೆ ಒಡ್ಡಿದ್ದರು. 1988ರ ಫಲಿತಾಂಶ ಆಸೆ ಹುಟ್ಟಿಸಿತು, ಆಮೇಲಿನ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ನಾವು ಜೋಪಾನವಾಗಿ ಇಟ್ಟುಕೊಂಡದ್ದು ಮೊದಲರ್ಧವನ್ನು.

ಬಿ ಮತ್ತು ಸಿ ಅಷ್ಟು ಮರ್ಯಾದಸ್ಥರಲ್ಲ. ಹಳದಿಯ ಸುಳಿವೇ ಕೊಡದೆ ಇಪ್ಪತ್ತು ಮೂವತ್ತು ವರ್ಷ ಬಾಡಿಗೆ ಕಟ್ಟದ ಬಿಡಾರದವರಂತೆ ಲಿವರ್‌ನಲ್ಲಿ ಕೂತಿರಬಲ್ಲವು. ಸಿರೋಸಿಸ್ ಆದಾಗಲೋ ಕ್ಯಾನ್ಸರ್ ಆದಾಗಲೋ ಮನೆಯವರಿಗೆ ಸುದ್ದಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಭಾರತದಲ್ಲಿ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು 55 ಲಕ್ಷ. ಬಹಳಷ್ಟು ಜನಕ್ಕೆ ಅದು ತಮಗಿದೆಯೆಂದೇ ಗೊತ್ತಿಲ್ಲ. ಕರಾವಳಿಯ ಹುಡುಗನಿಗೆ ಗೊತ್ತಾಗುವುದು ಗಲ್ಫ್ ವೀಸಾಕ್ಕೆ ಮೆಡಿಕಲ್ ಮಾಡಿಸಿ 'ಅನ್‌ಫಿಟ್' ಅನ್ನಿಸಿಕೊಂಡಾಗ. ನಮ್ಮ ಪ್ರಜೆಯ ಲಿವರ್ ಬಗ್ಗೆ ಅರಬ್ ಧಣಿಗಿರುವ ಕುತೂಹಲ ನಮಗಿಲ್ಲ.

ಗೊತ್ತಾದ ಮೇಲೆ ನಮ್ಮ ಎಚ್ಚರಿಕೆ ನೋಡಬೇಕು. ಅವನಿಗೆ ಬೇರೆ ತಟ್ಟೆ, ಬೇರೆ ಲೋಟ. ಬಿ ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ; ತಟ್ಟೆ ಲೋಟದ ಗೊಡವೆ ಅದಕ್ಕಿಲ್ಲ. ಲೋಟ ಬೇರೆ ಮಾಡಿದ ಯಜಮಾನರೇ ಜಾತ್ರೆಗೆ ಹೋಗಿ, ಹತ್ತು ಜನಕ್ಕೆ ಚುಚ್ಚಿದ ಸೂಜಿಯಲ್ಲಿ ತೋಳಿಗೆ ಹಚ್ಚೆ ಹಾಕಿಸಿಕೊಂಡು, ಬರುವ ದಾರಿಯಲ್ಲಿ ಬಕೆಟ್ಟಿನ ಪಾನಿಪೂರಿ ನೀರು ಕುಡಿದು ಎ ವೈರಸ್ಸಿಗೂ ಬೇಸರವಾಗದಂತೆ ನೋಡಿಕೊಳ್ಳುತ್ತಾರೆ. ಸೂಜಿಯ ಮೇಲೆ ನಮಗೆ ಭಕ್ತಿ ಜಾಸ್ತಿ. ಇಂಜೆಕ್ಷನ್ ಕೊಡದವನು ಡಾಕ್ಟರೇ ಅಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಬಿ ಹರಡಿತು, ಹಲವರು ಸತ್ತರು.

ಆದರೆ ಲಸಿಕೆಯ ಸೂಜಿ ಎಂದರೆ ಅದೇ ಭಕ್ತರಿಗೆ ಅನುಮಾನ. ಮಗು ಹುಟ್ಟಿ 24 ಗಂಟೆಯೊಳಗೆ ಬಿ ಲಸಿಕೆ ಬೀಳಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. 'ಹಸಿ ಕೂಸು ಸ್ವಾಮಿ, ಹನ್ನೊಂದು ದಿನ ಕಳೀಲಿ' ಎನ್ನುತ್ತಾರೆ, ಜಾತಕಕ್ಕೆಂದು ಹುಟ್ಟಿದ ಗಳಿಗೆಯನ್ನು ಸೆಕೆಂಡು ಸಮೇತ ಬರೆದಿಟ್ಟುಕೊಂಡವರು.

ಜುಲೈ 28 ಬ್ಲಂಬರ್ಗ್ ಹುಟ್ಟಿದ ದಿನ, ಅದೇ ವಿಶ್ವ ಹೆಪಟೈಟಿಸ್ ದಿನ. 2018ರ ಆ ದಿನವೇ ಕೇಂದ್ರ ಸರ್ಕಾರ ಬಿ, ಸಿ ಎರಡಕ್ಕೂ ಉಚಿತ ಪರೀಕ್ಷೆ, ಉಚಿತ ಚಿಕಿತ್ಸೆಯ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಸಿ ಬಂದವರಲ್ಲಿ ಹೆಚ್ಚಿನವರು ಹನ್ನೆರಡು ವಾರ ಮಾತ್ರೆ ನುಂಗಿದರೆ ಪೂರ್ತಿ ಗುಣ. ಇಷ್ಟು ಒಳ್ಳೆಯ ಸುದ್ದಿಯನ್ನು ಗುಟ್ಟಾಗಿಡಲು ವರ್ಷಕ್ಕೊಂದು ಜಾಥಾ ಸಾಕು. ಬ್ಯಾನರ್, ಬಿಸಿಲಲ್ಲಿ ಶಾಲಾ ಮಕ್ಕಳು, ಫೋಟೋ, ಉಪ್ಪಿಟ್ಟು. ಉಪ್ಪಿಟ್ಟಿನ ಸಾಲಿನಲ್ಲಿ ಯಾರೋ ಒಬ್ಬ ಕೇಳುತ್ತಾನೆ, 'ಸಾರ್, ಟೆಸ್ಟ್ ಎಲ್ಲಿ ಮಾಡ್ತಾರೆ?'

'ಅದೆಲ್ಲ ನಮಗೆ ಬರಲ್ಲಪ್ಪ. ನಮ್ಮದು ಜಾಗೃತಿ ಮಾತ್ರ.'