ಗಟ್ಟಿಮೇಳಕ್ಕೆ ಪೆನ್‌ಡ್ರೈವ್

(ಗುಬ್ಬಿಯ ಹೆಣ್ಣು, ಕುಣಿಗಲ್ಲಿನ ಗಂಡು, ತುಮಕೂರಿನ ಛತ್ರ. ಜಾತಕ ಕೂಡಿಬಂದಿದೆ, ಸ್ಪೀಕರ್ ಮಾತ್ರ ಕೂಡಿಬಂದಿಲ್ಲ.)

ಹೆಣ್ಣಿನ ತಂದೆ: ಬೀಗರೇ, ಆರತಕ್ಷತೆಗೆ ಆರ್ಕೆಸ್ಟ್ರಾ ಇಡಿಸೋಣ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ನಮ್ಮದು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು!

ಗಂಡಿನ ತಂದೆ: ಕುದುರೆಗೇನು, ಕುಣಿಗಲ್ಲಲ್ಲಿ ಸ್ಟಡ್ ಫಾರಂ ಇದೆ ಬಿಡಿ. ಹುಡುಗನಿಗೆ ಡಿಜೆ ಬೇಕಂತೆ.

ಹೆಣ್ಣಿನ ತಂದೆ: ಅವನು ಹಾಡ್ತಾನಾ?

ಗಂಡಿನ ತಂದೆ: ಇಲ್ಲ.

ಹೆಣ್ಣಿನ ತಂದೆ: ಬಾರಿಸ್ತಾನಾ?

ಗಂಡಿನ ತಂದೆ: ಬಟನ್ ಒತ್ತುತ್ತಾನೆ. ಆರ್ಕೆಸ್ಟ್ರಾ ಅಂದ್ರೆ ಹನ್ನೆರಡು ಜನ, ಹನ್ನೆರಡು ಎಲೆ. ಇವನಿಗೆ ಒಂದೇ ಎಲೆ.

ಹೆಣ್ಣಿನ ತಂದೆ: ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ. 2000ದಿಂದಲೂ ಇದೆ ನಿಯಮ. ನಮ್ಮ ಆರತಕ್ಷತೆ ಶುರುವಾಗೋದೇ ಒಂಬತ್ತಕ್ಕೆ!

(ಅದೂ ವಧು ಬ್ಯೂಟಿ ಪಾರ್ಲರ್‌ನಿಂದ ಹೊರಬಂದರೆ.)

ಗಂಡಿನ ತಂದೆ: ಬೆಳಗ್ಗೆ ಮುಹೂರ್ತಕ್ಕೂ ಅವನೇ. ಗಟ್ಟಿಮೇಳ ಪೆನ್‌ಡ್ರೈವ್‌ನಲ್ಲಿದೆಯಂತೆ.

ಹೆಣ್ಣಿನ ತಂದೆ: ಮೂರನೇ ಗಂಟಿಗೆ ಕರೆಂಟು ಹೋದ್ರೆ? ಜನರೇಟರ್ ಶುರುವಾಗೋ ತನಕ ತಾಳಿ ಹಿಡ್ಕೊಂಡು ನಿಂತಿರ್ತಾನಾ ನಿಮ್ಮ ಮಗ?

(ಬೀಗರು ಬೆವರಿದರು. ಗಂಡಿನ ಕಡೆಯವರು ಬೆವರುವುದು ನಮ್ಮಲ್ಲಿ ಅಪರೂಪ.)

ಕೊನೆಗೆ ಆದ ತೀರ್ಮಾನ: ರಾತ್ರಿ ಡಿಜೆ, ಬೆಳಗ್ಗೆ ವಾಲಗ. ಎರಡರ ಬಿಲ್ಲೂ ಹೆಣ್ಣಿನ ಕಡೆಯವರಿಗೆ.