ಕೆಲಸ ಮಾಡಿದ ತಪ್ಪಿಗೆ ವಜಾ

ಇವರಿಂದ: ಅಮ್ಲೋಡಿಪಿನ್, 5 ಮಿ.ಗ್ರಾಂ, ದೇವರ ಮನೆಯ ಗೂಡು, ಕುಂಕುಮದ ಭರಣಿಯ ಹಿಂದೆ.

ಇವರಿಗೆ: ನಿವೃತ್ತ ಕಚೇರಿ ಅಧೀಕ್ಷಕರು, ದಾವಣಗೆರೆ, ಹಾಗೂ ಇವರಂತೆಯೇ ಬಿ.ಪಿ. ಮಾತ್ರೆ ನಿಲ್ಲಿಸಿರುವ ಸಮಸ್ತರು.

ವಿಷಯ: ವಿಚಾರಣೆಯಿಲ್ಲದೆ ಸೇವೆಯಿಂದ ತೆಗೆದಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಯುಗಾದಿಯಲ್ಲಿ ತಮ್ಮ ಬಿ.ಪಿ. 168/102 ಇದ್ದಾಗ ಡಾಕ್ಟರು ನನ್ನನ್ನು ನೇಮಿಸಿದರು. ದೀಪಾವಳಿ ಹೊತ್ತಿಗೆ 124/80ಕ್ಕೆ ಇಳಿಸಿದೆ. ಮರುದಿನವೇ ವಜಾ. ಕಾರಣ: "ನಾರ್ಮಲ್ ಐತಲ್ಲ, ಇನ್ನ್ಯಾಕೆ ಮಾತ್ರೆ?" ಮೂವತ್ತಮೂರು ವರ್ಷದ ಸರ್ವಿಸಿನಲ್ಲಿ ಕೆಲಸ ಮಾಡದವರಿಗೆ ಬಡ್ತಿ ಸಿಕ್ಕಿದ್ದನ್ನು ತಾವು ಕಂಡಿದ್ದೀರಿ. ಕೆಲಸ ಮುಟ್ಟಿಸಿದವನನ್ನು ಅದೇ ಕಾರಣಕ್ಕೆ ಮನೆಗೆ ಕಳಿಸಿದ್ದು ತಾವೇ ಮೊದಲಿರಬೇಕು.

ನನ್ನನ್ನು ಬಿಟ್ಟ ಎರಡನೇ ದಿನ ಮೆಡಿಕಲ್ ಶಾಪಿನಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, 128 ಬಂದಿದ್ದೇ ತಡ, "ನೋಡಿದ್ಯಾ, ಮಾತ್ರೆ ಇಲ್ದಿದ್ರೂ ಸರಿ ಐತಿ" ಎಂದು ಅಮ್ಮನವರ ಮುಂದೆ ಎದೆಯುಬ್ಬಿಸಿದಿರಿ. ಅದು ನನ್ನ ದುಡಿಮೆ, ಸ್ವಾಮಿ. ರಕ್ತದಲ್ಲಿ ನನ್ನ ಪ್ರಮಾಣ ಅರ್ಧಕ್ಕಿಳಿಯಲು 30ರಿಂದ 50 ತಾಸು ಬೇಕು. ವಜಾ ಆದೇಶ ಕೈಗೆ ಬಂದ ಮೇಲೂ ಕೂತು ಬಾಕಿ ಫೈಲು ಮುಗಿಸಿದವನು ನಾನು. ಎರಡು ವಾರದ ನಂತರ ಎಷ್ಟಿತ್ತೋ ದಾಖಲೆಯಿಲ್ಲ. ಅಷ್ಟರಲ್ಲಿ ತಾವು ನೋಡಿಸಿಕೊಳ್ಳುವುದನ್ನೂ ಬಿಟ್ಟಿದ್ದಿರಿ.

ನನ್ನದು ಜವಾನನ ಹುದ್ದೆ. ರಕ್ತನಾಳದ ಗೋಡೆಯ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗದಂತೆ ಬಾಗಿಲು ಕಾಯುತ್ತೇನೆ. ಸ್ನಾಯು ಬಿಗಿಯದಿದ್ದರೆ ನಾಳ ಸಡಿಲ, ಒತ್ತಡ ಕಡಿಮೆ. ತಮ್ಮ ಬಿ.ಪಿ. ವಾಸಿಯಾಗಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿತ್ತು.

ನನ್ನ ಮೇಲಿನ ಆರೋಪಗಳಿಗೆ ಬರುತ್ತೇನೆ. "ಒಮ್ಮೆ ಹಿಡಿದರೆ ಸಾಯೋತನಕ ಬಿಡಲ್ಲ" ಎಂದ ಪಕ್ಕದ ಮನೆಯವರು ನಲವತ್ತು ವರ್ಷದಿಂದ ಕನ್ನಡಕ ಹಾಕುತ್ತಿದ್ದಾರೆ. ಕಿಡ್ನಿ ಹಾಳು ಮಾಡುವುದು ನಾನಲ್ಲ, ನಾನು ಬಾಗಿಲಲ್ಲಿ ತಡೆದಿದ್ದ ಬಿ.ಪಿ. ಕೆಲವರ ಪಾದ ಊದಿಸುತ್ತೇನೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಡಾಕ್ಟರಿಗೆ ಹೇಳಿ, ನನ್ನನ್ನು ವರ್ಗ ಮಾಡಿ ಬೇರೆಯವರನ್ನು ಹಾಕುತ್ತಾರೆ. ಹುದ್ದೆಯನ್ನೇ ರದ್ದು ಮಾಡಲು ತಾವು ಯಾರು?

"ಇಂಗ್ಲಿಷ್ ಔಷಧಿ ಬೇಡ, ಬೇರು ನಾರು ಸಾಕು" ಎಂಬ ವಾಟ್ಸಾಪ್ ಸುತ್ತೋಲೆಯನ್ನೂ ಓದಿದ್ದೇನೆ. ಬೇರಿನ ಮೇಲೆ ನನಗೆ ದ್ವೇಷವಿಲ್ಲ. ಸರ್ಪಗಂಧದ ಬೇರು ಬಿ.ಪಿ. ಇಳಿಸುತ್ತದೆ ಎಂದು ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಆದರೆ ಅವರು ರೋಗಿಗಳಿಗೆ ಕೊಟ್ಟು, ಅಳೆದು ಬರೆದರು, ಫಾರ್ವರ್ಡ್ ಮಾಡಲಿಲ್ಲ. ಆ ಬೇರೂ ಕೊನೆಗೆ ಮಾತ್ರೆಯಾಗಿ ನನ್ನ ಜಾತಿಗೇ ಸೇರಿತು.

ಉಪ್ಪಿನ ಲೆಕ್ಕ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ಮೇಲುಪ್ಪು ಮುಟ್ಟೋದೇ ಇಲ್ಲ" ಎನ್ನುತ್ತೀರಿ ತಾವು. ನಿಜ. ಮಾವಿನ ಮಿಡಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸಂಜೆಯ ಮಂಡಕ್ಕಿ ಮಿರ್ಚಿ, ಇವುಗಳ ಬಿಲ್ಲು ಯಾವ ಲೆಕ್ಕಶೀರ್ಷಿಕೆಗೆ ಹೋಗುತ್ತಿದೆಯೋ ತಿಳಿಯದು.

"ನನಗೇನೂ ಆಗ್ತಾ ಇಲ್ಲ, ತಲೆನೋವೂ ಇಲ್ಲ" ಎಂಬುದು ತಮ್ಮ ಕೊನೆಯ ವಾದ. ಬಿ.ಪಿ. ಮೊದಲೇ ಪತ್ರ ಬರೆದು ಬರುವ ಆಡಿಟ್ ಪಾರ್ಟಿಯಲ್ಲ. ಲೋಕಾಯುಕ್ತ ದಾಳಿಯ ಹಾಗೆ, ಬೆಳಗಿನ ಜಾವ ಬಾಗಿಲು ತಟ್ಟುತ್ತದೆ. ಮಿದುಳೋ ಹೃದಯವೋ, ಯಾವ ಬೀರು ಒಡೆಯುತ್ತದೆಂದು ಹೇಳುವುದಿಲ್ಲ.

ಆದ್ದರಿಂದ ಡಾಕ್ಟರ ಬಳಿ ಹೋಗಿ ನನ್ನ ಮರುನೇಮಕದ ಆದೇಶ ತರಬೇಕೆಂದು ಕೋರುತ್ತೇನೆ. ಹಿಂಬಾಕಿ ಕೇಳುವುದಿಲ್ಲ. ಸರಿದೂಗಿಸಲೆಂದು ಸ್ಟ್ರಿಪ್ ಪೂರ್ತಿ ಒಂದೇ ದಿನ ನುಂಗಬೇಡಿ. ನನ್ನ ನಿವೃತ್ತಿಯ ದಿನಾಂಕ ಸ್ಟ್ರಿಪ್ಪಿನ ಹಿಂದೆ ಅಚ್ಚಾಗಿದೆ. ಒಮ್ಮೆ ಕನ್ನಡಕ ಹಾಕಿ ನೋಡಿ.

ತಮ್ಮ ವಿಶ್ವಾಸಿ,
ಅಮ್ಲೋಡಿಪಿನ್

ಪ್ರತಿ: ಅಮ್ಮನವರಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಶಿಸ್ತುಕ್ರಮಕ್ಕಾಗಿ. ಉಪ್ಪಿನಕಾಯಿ ಭರಣಿಯ ಕೀಲಿಕೈ ಅವರ ಬಳಿಯೇ ಇದೆ.