ಬ್ರೂನೋ ಅಂಕಲ್ ಮತ್ತು ಬಾಲದ ಕೆಳಗಿನ ವಿಚಾರ

ನಾಯಿ ಬಾಲ ಡೊಂಕು ಅನ್ನೋದು ಕನ್ನಡನಾಡಿನಲ್ಲಿ ಎಲ್ಲರಿಗೂ ಗೊತ್ತು. ಆ ಬಾಲದ ಕೆಳಗೆ ಏನಿದೆ ಎಂದು ವಿಚಾರಿಸಿದವರು ಮಾತ್ರ ಬಡಾವಣೆಗೊಬ್ಬರು ಸಿಕ್ಕರೆ ಹೆಚ್ಚು. ದಕ್ಷಿಣ ಬೆಂಗಳೂರಿನ ಒಂದು ಪಾರ್ಕಿನಲ್ಲಿ ಆ ಒಬ್ಬರು ಬ್ರೂನೋ ಅಂಕಲ್. ಸ್ವಂತ ಹೆಸರು ಪಿಂಚಣಿ ಪುಸ್ತಕದಲ್ಲಿ ಇರಬಹುದು. ಪಾರ್ಕಿನಲ್ಲಿ ಎಲ್ಲರೂ ಅವರವರ ನಾಯಿಯ ಹೆಸರಿನಲ್ಲೇ ಪ್ರಸಿದ್ಧರು: ಸಿಂಬ ಆಂಟಿ, ಲಿಯೋ ಅಪ್ಪ, ರಾಣಿ ಅಜ್ಜಿ. ಈ ಲೇಖಕನೂ ಅಲ್ಲಿ ಬರೀ ಚಿನ್ನು ಅಪ್ಪ. ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬರೆದು ಸಂಪಾದಿಸಿದ ಹೆಸರಿಗೆ ಆ ಗೇಟಿನ ಒಳಗೆ ಮೂರು ಕಾಸಿನ ಬೆಲೆಯಿಲ್ಲ.

ಉಳಿದವರು "ಕಾಫಿ ಆಯ್ತಾ?" ಎಂದು ಕೇಳುವ ಹೊತ್ತಿನಲ್ಲಿ ಅಂಕಲ್ "ಮೋಷನ್ ಹೇಗಿದೆ?" ಎನ್ನುತ್ತಾರೆ. ಕೇಳಿದ್ದು ನಾಯಿಯ ಬಗ್ಗೆ. ಎದುರಿಗಿರುವ ಮನುಷ್ಯ ಚಳಿಜ್ವರದಲ್ಲಿ ನಡುಗುತ್ತಿದ್ದರೂ ಪ್ರಶ್ನೆ ಬದಲಾಗುವುದಿಲ್ಲ. ಗಟ್ಟಿಯೋ, ಮೆತ್ತಗೋ? ಎತ್ತುವಾಗ ಹುಲ್ಲಿಗೆ ಅಂಟುತ್ತದೋ? ಉತ್ತರ ತಡವಾದರೆ ಸ್ವತಃ ಬಗ್ಗಿ ಬಾಲ ಎತ್ತಿ ನೋಡಿಬಿಡುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಐದೂವರೆ ವರ್ಷ ಓದಿ ಕಲಿಯುವುದನ್ನು ಅವರು ಪಾರ್ಕಿನ ಎರಡು ಸುತ್ತಿನಲ್ಲಿ ಕಲಿಸಿ ಮುಗಿಸುತ್ತಾರೆ.

ಒಮ್ಮೆ ಸಿಂಬ ಹಿಂಗಾಲು ಮುಂದೆ ಚಾಚಿ, ಕುಂಡಿಯನ್ನು ನೆಲಕ್ಕೆ ಒರೆಸುತ್ತ ಕಲ್ಲುಹಾಸಿನ ಮೇಲೆ ಸಾಗಿತು. "ಜಂತುಹುಳು ಇರಬೇಕು ಅಂಕಲ್, ಮಾತ್ರೆ ಹಾಕಿದೀನಿ" ಎಂದರು ಸಿಂಬ ಆಂಟಿ.

"ಎಲ್ಲಾನೂ ಜಂತುಹುಳು ಅಲ್ಲ ಕಣಮ್ಮ. ನಾಲ್ಕು ಗಂಟೆಗೆ ಒಂದು, ಎಂಟು ಗಂಟೆಗೆ ಒಂದು ಇರುತ್ತೆ."

ಆಂಟಿ ಮೊಬೈಲ್ ತೆಗೆದು ಬರೆದುಕೊಂಡರು. "ಊಟಕ್ಕೆ ಮುಂಚೆನಾ, ಆಮೇಲಾ?"

ಅಂಕಲ್ ಹೇಳುತ್ತಿದ್ದದ್ದು ಮಾತ್ರೆಯ ಹೊತ್ತಲ್ಲ. ನಾಯಿಯ ಗುದದ್ವಾರವನ್ನು ಗಡಿಯಾರ ಅಂದುಕೊಂಡರೆ ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ, ಚರ್ಮದ ಒಳಗೆ, ಎರಡು ಪುಟ್ಟ ಚೀಲಗಳಿರುತ್ತವೆ. ಅವುಗಳಲ್ಲಿ ಗಬ್ಬುನಾತದ ದ್ರವ ತುಂಬಿಕೊಳ್ಳುತ್ತದೆ. ಗಟ್ಟಿ ಮಲ ಹೊರಬರುವಾಗ ಚೀಲಗಳ ಮೇಲೆ ಒತ್ತಡ ಬಿದ್ದು, ದ್ರವ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ನಾಯಿಗಳು ಎದುರಾದಾಗ ಮೊದಲು ಹಿಂಬದಿ ಮೂಸಿ ಗುರುತು ಹಿಡಿಯುವುದರಲ್ಲಿ ಈ ವಾಸನೆಯ ಪಾಲು ದೊಡ್ಡದು. ಅಮೆರಿಕದ ಸ್ಕಂಕ್ ಅಂತೂ ಇಂಥದೇ ಗ್ರಂಥಿಗಳನ್ನು ಆಯುಧ ಮಾಡಿಕೊಂಡಿದೆ. ಮಲ ಮೆತ್ತಗಾದರೆ ಒತ್ತಡ ಸಾಲದು. ದ್ರವ ಒಳಗೇ ಉಳಿದು ಮಂದವಾಗುತ್ತದೆ. ಆಮೇಲೆ ತುರಿಕೆ, ನೆಕ್ಕುವುದು, ಕೂತಲ್ಲಿಂದ ಅಂಡು ಸುಟ್ಟ ಬೆಕ್ಕಿನ ಹಾಗೆ ಎದ್ದು ಓಡುವುದು. ಸೋಂಕಾದರೆ ಕೀವು ತುಂಬಿ, ಗುದದ ಪಕ್ಕದಲ್ಲೇ ಒಡೆದು ಹುಣ್ಣಾಗುವುದೂ ಉಂಟು.

ಅಂಕಲ್‌ಗೆ ಈ ಜ್ಞಾನೋದಯವಾದದ್ದು ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಆ ಕಥೆಯನ್ನು ಪಾರ್ಕಿಗೆ ಬರುವ ಪ್ರತಿಯೊಬ್ಬರೂ ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದಾರೆ, ಈ ಲೇಖಕ ಎಲ್ಲರಿಗಿಂತ ಹೆಚ್ಚು. ಬ್ರೂನೋ ಎಂಬ ಗಂಡೆದೆಯ ಹೆಸರು ಹೊತ್ತ ಆ ಪುಟ್ಟ ಶಿಟ್ಸೂ ತಳಿಯ ನಾಯಿ, ಮಂಗಳಾರತಿಗೆ ಎಲ್ಲರೂ ಎದ್ದು ನಿಂತಾಗ ಜಮಖಾನದ ಈ ತುದಿಯಿಂದ ಆ ತುದಿಯವರೆಗೆ ಕುಂಡಿ ಒರೆಸುತ್ತ ಮೆರವಣಿಗೆ ಹೊರಟ. ಮರುಕ್ಷಣ ಮನೆ ತುಂಬ ಮೀನಿನ ವಾಸನೆ. ಈರುಳ್ಳಿಯನ್ನೂ ಲೆಕ್ಕ ಹಾಕಿ ತಿನ್ನುವ ಮನೆ ಅದು. ಊದುಬತ್ತಿ ಹಚ್ಚಿದರು, ಕರ್ಪೂರ ಸುರಿದರು, ವಾಸನೆ ಜಗ್ಗಲಿಲ್ಲ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಳೂರಿನ ಹಳೆಯ ಸಹೋದ್ಯೋಗಿಯೊಬ್ಬರು ಮಾತ್ರ ಮುಖ ಅರಳಿಸಿಕೊಂಡು ಕೇಳಿದರಂತೆ: "ಬೂತಾಯಿಯಾ ಮಾರಾಯ್ರೆ?" ಪುರೋಹಿತರು ಉಳಿದ ಮಂತ್ರಗಳನ್ನು ಒಂದೇ ಉಸಿರಿಗೆ ಮುಗಿಸಿ, ಸಪಾದಭಕ್ಷ್ಯವನ್ನು ಜಗಲಿಯಲ್ಲಿ ಹಂಚಿದರು.

ಮಾರನೆಯ ದಿನ ಅಂಕಲ್ ಯೂಟ್ಯೂಬ್ ನೋಡಿ, ಕೈಗವಸು ತೊಟ್ಟು, ಬ್ರೂನೋನನ್ನು ಬಚ್ಚಲಿಗೆ ಕರೆದೊಯ್ದರು. ಫಲಿತಾಂಶ ನೇರವಾಗಿ ಅವರ ಕನ್ನಡಕಕ್ಕೆ ಬಂತು. ಅವರ ಹೆಂಡತಿ, ಅಂದರೆ ಬ್ರೂನೋ ಆಂಟಿ, ಮಿಕ್ಕಿದ್ದನ್ನು ಹೇಳಲು ಒಪ್ಪುವುದಿಲ್ಲ.

ಕೊನೆಗೆ ಡಾಕ್ಟರ ಬಳಿ ಹೋದಾಗ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಡಾಕ್ಟರು ಕೈಗವಸಿನ ಮೇಲೆ ಜಾರುವ ಜೆಲ್ ಸವರಿ, ತೋರುಬೆರಳನ್ನು ಒಳಗಿಟ್ಟು, ಹೆಬ್ಬೆರಳನ್ನು ಹೊರಗೆ ಆನಿಸಿ, ಹತ್ತಿಯ ತುಂಡು ಅಡ್ಡ ಹಿಡಿದು ಮೆಲ್ಲಗೆ ಒತ್ತಿದರು. ಟೂತ್‌ಪೇಸ್ಟಿನಷ್ಟು ಮಂದವಾದ ಕಂದು ವಸ್ತು ಹೊರಬಂತು. ಬ್ರೂನೋ ನಿಟ್ಟುಸಿರು ಬಿಟ್ಟ. ಅಂಕಲ್ ಕಿಟಕಿಯ ಹೊರಗೆ ತಲೆ ಹಾಕಿದರು.

ಅಂದು ಡಾಕ್ಟರು ಹೇಳಿದ್ದನ್ನೆಲ್ಲ ಇಂದು ಅಂಕಲ್ ಸ್ವಂತ ಸಂಶೋಧನೆಯಂತೆ ಹೇಳುತ್ತಾರೆ. ಸಿಟ್ಟು ಬರುತ್ತದೆ ನಿಜ, ಆದರೆ ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ. ತೊಂದರೆಯಿಲ್ಲದ ನಾಯಿಯ ಚೀಲ ಹಿಂಡಿಸಬಾರದು. ಪದೇಪದೇ ಹಿಂಡಿದರೆ ಅಲ್ಲೇ ಊತ ಬರುತ್ತದೆ. ಗ್ರೂಮಿಂಗ್ ಪ್ಯಾಕೇಜಿನಲ್ಲಿ ಸ್ನಾನ, ಉಗುರು, ಗ್ಲ್ಯಾಂಡು ಎಂದು ಸೇರಿಸಿ ಬಿಲ್ ಮಾಡುವವರನ್ನು ಕಂಡರೆ ಅಂಕಲ್‌ಗೆ ಆಗುವುದಿಲ್ಲ. ಚೀಲ ಮತ್ತೆ ಮತ್ತೆ ತುಂಬುತ್ತಿದ್ದರೆ ಕಾರಣ ಹುಡುಕಬೇಕು: ಭೇದಿಯೋ, ಬೊಜ್ಜೋ, ಚರ್ಮದ ಅಲರ್ಜಿಯೋ. ಪಾದ ನೆಕ್ಕುವ, ಕಿವಿ ಕೆರೆದುಕೊಳ್ಳುವ ನಾಯಿಗೆ ಅಲರ್ಜಿಯ ಚಿಕಿತ್ಸೆಯಾದರೆ ಹಿಂಬದಿಯ ಕಾಟವೂ ಎಷ್ಟೋ ಸಲ ತಗ್ಗುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಒಂದು ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಜಾಲಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರರಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು ನಾಯಿಗಳಿಗೆ ಈ ತೊಂದರೆ ಕಂಡುಬಂದಿತ್ತು. ಚಪ್ಪಟೆ ಮೂತಿಯ ತಳಿಗಳಿಗೆ ಅಪಾಯ ಹೆಚ್ಚು. ಅಂದರೆ ಶಿಟ್ಸೂ ಆದ ಬ್ರೂನೋ ಹುಟ್ಟಿನಿಂದಲೇ ಆ ಪಟ್ಟಿಯಲ್ಲಿದ್ದ.

ಬ್ರೂನೋನ ಕೇಸಿನಲ್ಲಿ ಅಪರಾಧಿ ಅಡುಗೆಮನೆಯಲ್ಲೇ ಇತ್ತು. ಬೆಳಿಗ್ಗೆ ಹಾಲು, ಹತ್ತಕ್ಕೆ ಮಾರಿ ಬಿಸ್ಕತ್ತು, ಮಧ್ಯಾಹ್ನ ಬ್ರೂನೋ ಆಂಟಿ ಕದ್ದು ಕೊಡುವ ತುಪ್ಪದ ಚಪಾತಿ. ಹಾಲು ಅನೇಕ ನಾಯಿಗಳ ಹೊಟ್ಟೆಗೆ ಒಗ್ಗುವುದಿಲ್ಲ. ಅದು ನಿಂತಿತು. ಊಟದ ಜೊತೆ ಉಪ್ಪು-ಖಾರವಿಲ್ಲದೆ ಬೇಯಿಸಿದ ಸಿಹಿಗುಂಬಳ ಒಂದೆರಡು ಚಮಚ ಬಂತು. ನಾರಿನಂಶ ಮಲವನ್ನು ಗಟ್ಟಿಯಾಗಿಸುತ್ತದೆ. ಕುಂಬಳದ ಹುಳಿ ಹಾಕುವ ಹಾಗಿಲ್ಲ. ಅದರೊಳಗಿನ ಈರುಳ್ಳಿ ನಾಯಿಗೆ ವಿಷ. ಇಸಬ್‌ಗೋಲ್ ಕೊಡುವುದಾದರೆ ಡಾಕ್ಟರನ್ನು ಕೇಳಿ, ಸಾಕಷ್ಟು ನೀರಿನ ಜೊತೆಗೆ ಕೊಡಬೇಕು. ಉಳಿದದ್ದು ನಡಿಗೆ. ಬ್ರೂನೋ ಕರಗಿದ, ಅಂಕಲ್ ಕೂಡ.

ಅಂಕಲ್‌ನಿಂದ ತಪ್ಪಿಸಿಕೊಳ್ಳಲು ಈ ಲೇಖಕ ಹಿಂದಿನ ಗೇಟಿನಿಂದ ಒಳಗೆ ಹೋಗಿ ನೋಡಿದ್ದಾನೆ. ಅವರ ಜೇಬಿನಲ್ಲಿ ಕ್ಯಾರೆಟ್ ತುಂಡುಗಳಿರುತ್ತವೆ ಎಂಬುದು ಚಿನ್ನುವಿಗೆ ಗೊತ್ತು. ಎಲ್ಲಿಂದ ಒಳಗೆ ಬಂದರೂ ಅವಳು ಎಳೆದುಕೊಂಡು ಹೋಗುವುದು ಅವರ ಬೆಂಚಿಗೇ.

ಅಸಲಿಗೆ ಬ್ರೂನೋ ಅವರ ನಾಯಿಯಲ್ಲ, ಮಗನದ್ದು. "ನಾಯಿ ಬಂದರೆ ನಾನು ಮನೆ ಬಿಡ್ತೀನಿ" ಎಂದು ಅಂಕಲ್ ಕೂಗಾಡಿದ್ದರಂತೆ. ಮನೆ ಬಿಟ್ಟದ್ದು ಮಗ, ನ್ಯೂಜೆರ್ಸಿಗೆ ಹೋದ. ಭಾನುವಾರ ವೀಡಿಯೊ ಕರೆಯಲ್ಲಿ ಮಗ ಮೊದಲು ಕೇಳುವುದು ಬ್ರೂನೋನನ್ನು. ಅಪ್ಪ ಕ್ಯಾಮೆರಾ ಕೆಳಗೆ ತಿರುಗಿಸಿ ವಾರದ ಮೋಷನ್ ವರದಿ ಒಪ್ಪಿಸುತ್ತಾರೆ. ತಮ್ಮ ಸಕ್ಕರೆ ಕಾಯಿಲೆಯ ವರದಿ ಒಪ್ಪಿಸಿದ್ದನ್ನು ಯಾರೂ ಕೇಳಿಲ್ಲ. ಅಪ್ಪ-ಮಗ ಅರ್ಧ ಗಂಟೆ ಮಾತಾಡುವಷ್ಟು ಸಾಮಗ್ರಿ ಒದಗಿಸುವುದು ಆ ಎರಡು ಚೀಲಗಳೇ.

ಬ್ರೂನೋಗೆ ಈಗ ವಯಸ್ಸಾಗಿದೆ. ವಯಸ್ಸಾದ ನಾಯಿಗಳಲ್ಲಿ ಇದೇ ಚೀಲದಲ್ಲಿ ಕ್ಯಾನ್ಸರ್ ಗಡ್ಡೆ ಹುಟ್ಟುವುದುಂಟು. ಹೊರಗೆ ಏನೂ ಕಾಣದಿದ್ದರೂ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ನಾಯಿ ಅತಿಯಾಗಿ ನೀರು ಕುಡಿದು ಅತಿಯಾಗಿ ಉಚ್ಚೆ ಹೊಯ್ಯಬಹುದು. ಅಂಕಲ್ ಬಟ್ಟಲಿನ ನೀರನ್ನು ಅಳತೆ ಮಾಡಿಯೇ ಇಡುತ್ತಾರೆ.

ಎಂದೋ ಒಮ್ಮೆ ಕುಂಡಿ ಉಜ್ಜಿದರೆ ಗಾಬರಿ ಬೇಡ. ದಿನಾ ಉಜ್ಜಿದರೆ, ಗುದದ ಪಕ್ಕ ಕೆಂಪಗೆ ಊದಿದರೆ, ರಕ್ತ ಅಥವಾ ಕೀವು ಕಂಡರೆ ಅದೇ ದಿನ ಡಾಕ್ಟರ ಬಳಿ ಒಯ್ಯಿರಿ. ವರ್ಷದ ರೇಬೀಸ್ ಲಸಿಕೆಗೆ ಹೋದಾಗಲೂ "ಡಾಕ್ಟ್ರೇ, ಗ್ಲ್ಯಾಂಡ್ ಒಂದು ನೋಡಿಬಿಡಿ" ಎಂದು ಕೇಳಲು ಸಂಕೋಚ ಬೇಡ. ಕೈಗವಸು ಅವರ ಹತ್ತಿರವೇ ಇರುತ್ತದೆ.